ಅಗುಳಿ

ತಿಮಿಂಗಿಲದ ಪಕ್ಕೆಲುಬು, ನಮ್ಮ ಮನೆಯ ಅಗುಳಿ.
ದಡಕ್ಕೆ ಬಂದು ಬಿದ್ದದ್ದನ್ನು ಅಪ್ಪ ಸ್ಟೈನ್‌ಗ್ರಿಮ್
ನೆರೆಯವರೊಡನೆ ಬಡಿದಾಡಿ ಗೆದ್ದು ತಂದದ್ದು.
ಅದಕ್ಕಾಗಿ ಸತ್ತವರು ಇಬ್ಬರು.
ಮಾಂಸ ಒಂದು ಚಳಿಗಾಲಕ್ಕೆ ಮುಗಿಯಿತು.
ಎಲುಬು ಉಳಿಯಿತು.

ಹುಲ್ಲು ಬೆಳೆದ ಮಣ್ಣುಹೆಂಟೆಯ ಗೋಡೆ, ಅದರದೇ ಸೂರು.
ಹೊರಗೆ ಐಸ್‌ಲ್ಯಾಂಡಿನ ಗಾಳಿ, ಅದಕ್ಕೆ ಯಾರ ಹಂಗೂ ಇಲ್ಲ.
ಒಳಗೆ, ಬೆಂಕಿಗುಂಡಿಯ ಆಚೆ, ಎತ್ತರದ ಪೀಠ.
ಒಂದೇ ಒಂದು.

ಕುರಿಮರಿಗಳ ಕಿವಿ ಸೀಳುವ ದಿನ ಚೂರಿ ಅಣ್ಣನ ಕೈಗೆ.
ಎಡಗಿವಿಯ ತುದಿ ಹಾರಿಸು, ಬಲಗಿವಿಗೆ ಒಂದು ಕಚ್ಚು,
ಇದು ನಮ್ಮ ಗುರುತು, ನಮ್ಮಜ್ಜನದೂ ಇದೇ
ಎಂದು ಅಪ್ಪ ಹಲ್‌ವಾರ್ಡನಿಗೆ ಹೇಳಿಕೊಡುವಾಗ
ಮರಿ ಒದ್ದಾಡದ ಹಾಗೆ ಮೊಣಕಾಲ ನಡುವೆ
ಅದುಮಿ ಹಿಡಿದವಳು ನಾನು.
ರಕ್ತ ನನ್ನ ಅಂಗಿಗೆ.
ಗುರುತು ಅವನಿಗೆ.

ಅಪ್ಪ ಹೋದ. ಹಂಚಿಕೆಯಾಯಿತು.
ಅಣ್ಣನಿಗೆ ಪೀಠ, ಹುಲ್ಲುಗಾವಲು, ಸಾಲ್ಮನ್ ಹತ್ತುವ ಹೊಳೆ,
ಕಡಲು ತೇಲಿಸಿ ತಂದ ಮರದ ಮೇಲಿನ ಹಕ್ಕು.
ನನಗೆ ಹನ್ನೆರಡು ಕುರಿ, ತಳ ಸವೆದ ತಾಮ್ರದ ಕೊಳಗ,
ಮತ್ತೆ ಉಲ್ಫ್‌ಕೆಲ್ ಎಂಬ ಗಂಡ.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು.
ಸರಿ.
ತಂಗಿ ಬೆಳೆಯುತ್ತ ಏನಾಗುತ್ತಾಳೆ
ಗಾದೆ ಹೇಳುವುದಿಲ್ಲ.

ಹಲ್‌ವಾರ್ಡ್ ಕೆಟ್ಟವನಾಗಿರಲಿಲ್ಲ, ಅದೇ ಕಷ್ಟ.
ಹೋದಾಗೆಲ್ಲ ಒಣಮೀನಿಗೆ ಬೆಣ್ಣೆ ಸವರಿ
ತನ್ನ ಕೈಯಾರೆ ಕೊಡುತ್ತಿದ್ದ,
ಪೀಠದ ಮೇಲಿಂದ ಬಾಗಿ.
ಬೆಣ್ಣೆಯ ರುಚಿ ಮರೆತಿದ್ದೇನೆ.
ಬಾಗಬೇಕಾದಷ್ಟು ಎತ್ತರ ಇತ್ತಲ್ಲ, ಅದು ನೆನಪಿದೆ.

ಗಂಡನ ಮಾತಿಗೆ ಕಟ್ಟುಬಿದ್ದಳು ಎನ್ನುತ್ತಾರೆ ಜನ.
ಪಾಪ, ಉಲ್ಫ್‌ಕೆಲನಿಗೆ ಅಷ್ಟು ಬುದ್ಧಿ ಎಲ್ಲಿ.
ಕೋಪದಲ್ಲಿ ಮಾಡಿದಳು ಎನ್ನುತ್ತಾರೆ ಕೆಲವರು.
ಕೋಪ ಮೂರು ದಿನ ಬಾಳುವ ವಸ್ತುವಲ್ಲ.
ನಾನು ಹಬ್ಬಕ್ಕೆ ಮೂರು ದಿನ ಮೊದಲೇ ಹೋದೆ,
ಅತ್ತಿಗೆಯ ಕೂಸಿಗೆ ತೊಟ್ಟಿಲು ತೂಗಿದೆ,
ಎಲ್ಲರ ಉಸಿರೂ ಒಂದೇ ಲಯಕ್ಕೆ ಬಂದ ಮೇಲೆ ಎದ್ದು
ಅಗುಳಿಗೆ ಸೀಲ್‌ಕೊಬ್ಬು ಸವರಿದೆ,
ರಾತ್ರಿಗೆ ಒಂದು ಬೆರಳಿನಷ್ಟು.

ನಾಲ್ಕನೆಯ ರಾತ್ರಿ ಅದು ಮೀನಿನ ಹಾಗೆ ಜಾರಿತು.
ಹಿಮ ಒಳಗೆ ಬಂತು ಮೊದಲು, ಆಮೇಲೆ ಜನ.
ಅಣ್ಣ ಕಣ್ಣುಜ್ಜುತ್ತ ಎದ್ದು ಕೂತಿದ್ದ.
"ಇಂಗ್ವಿಲ್ಡ್, ಬಾಗಿಲಲ್ಲಿ ನಿಲ್ಲಬೇಡ ಮಾರಾಯ್ತಿ,
ಚಳಿ ಹತ್ತೀತು" ಎಂದ.
ಅಷ್ಟೆ ಅಂದದ್ದು.

ಬೇಸಿಗೆಯ ನ್ಯಾಯಸಭೆ ಬೆಳ್ಳಿ ತೂಗಿತು.
ಅಣ್ಣನ ಬೆಲೆ ಒಂದು ಚೀಲ; ನಾನೇ ಹೊತ್ತು ಕೊಟ್ಟೆ.
ಅತ್ತಿಗೆ ಎಣಿಸಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ ಹಡಗು ಹತ್ತಿದಳು.
ಆ ಕೂಸಿಗೆ ಈಗ ಹದಿನಾರು.
ಉಲ್ಫ್‌ಕೆಲ್ ದಿನವೂ ದಿಬ್ಬ ಹತ್ತಿ
ಕಡಲು ನೋಡುತ್ತಾನೆ, ಯಾವ ಹಾಯಿ ಎಂದು.

ನಾನು ಪೀಠದ ಮೇಲೆ ಕೂರುತ್ತೇನೆ.
ಕಾಲು ನೆಲಕ್ಕೆ ಎಟಕುವುದಿಲ್ಲ, ಯಾರಿಗೂ ಹೇಳಿಲ್ಲ.

ಮೊನ್ನೆ ಮತ್ತೆ ಕಿವಿ ಸೀಳುವ ದಿನ.
ಚೂರಿಯನ್ನು ಮಗ ಸ್ಕೆಗ್ಗಿಯ ಕೈಗಿಟ್ಟೆ.
ಎಡಗಿವಿಯ ತುದಿ, ಬಲಗಿವಿಗೆ ಕಚ್ಚು, ಎಂದೆ.
ಮರಿ ಹಿಡಿದದ್ದು ಯೋರುನ್, ಹನ್ನೆರಡರ ಹುಡುಗಿ,
ಒಂದು ಮಾತಿಲ್ಲ.
ಅಂಗಿಯ ಮೇಲಿನ ಕಲೆಯನ್ನು ನೋಡಿಕೊಳ್ಳುತ್ತಿದ್ದಳು,
ಲೆಕ್ಕ ಬರೆದಿಟ್ಟ ಹಾಗೆ.
ಕಂಡೆ. ಕಂಡೂ
ಚೂರಿ ಕೈ ಬದಲಿಸಲಿಲ್ಲ.

ನಿನ್ನೆ ರಾತ್ರಿ ಕದ ಭದ್ರಮಾಡಲು ಹೋದೆ.
ಕೈಗೆ ಜಿಡ್ಡು ಹತ್ತಿತು.
ಬೆರಳು ಮೂಸಿದೆ.
ಹಿಂದೆ, ಕಂಬಳಿಯೊಳಗೆ, ಒಂದು ಉಸಿರು
ಉಳಿದವರ ಲಯಕ್ಕೆ ಸೇರದೆ ಕಾಯುತ್ತಿತ್ತು.

ಒರೆಸಬಹುದಿತ್ತು.
ಅಗುಳಿ ಹಾಕಿದೆ.
ಸದ್ದೇ ಆಗಲಿಲ್ಲ.